ವೆಲ್ಡಿಂಗ್ ಬೇಡ, ಲಾಕ್ ಸಾಕು

ಅಶೋಕಪುರಂ, ಮೈಸೂರು
13 ಫೆಬ್ರವರಿ 2024

ಯಜಮಾನರಿಗೆ ಸಿದ್ದರಾಜು ಮಾಡುವ ನಮಸ್ಕಾರಗಳು.

ನೀವು ಅಂಗಡಿಯನ್ನು ಮಗ ಶಿವಕಿರಣನಿಗೆ ಒಪ್ಪಿಸಿ ನಂಜನಗೂಡಿನ ಮಗಳ ಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ ಇದು. ಹಿಂದಿನ ಮೂರರಲ್ಲಿ ನಿಮ್ಮ ಕಣ್ಣಿನ ಆಪರೇಷನ್ನು, ಅಂಗಡಿಯ ಕೆಲಸ, ಇಷ್ಟೇ ಇದ್ದವು. ಈ ಸಲದ್ದು ಬೇರೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಕಿವಿಯ ಸಂಗತಿ ನಿಮಗೆ ಗೊತ್ತು. ಈಗ ಎಡಗಿವಿಯೂ ಪೂರ್ತಿ ಹೋಗಿದೆ. ಮಗಳು ಪವಿತ್ರಳ ಕೈಯಲ್ಲಿ ಮೆಸೇಜು ಹಾಕಿಸಬಹುದಿತ್ತು. ಅವಳಿಗೆ ತಿಳಿಯುವುದು ಸದ್ಯಕ್ಕೆ ಬೇಡ ಅನ್ನಿಸಿತು.

ಹೋದ ಶುಕ್ರವಾರ ದಟ್ಟಗಳ್ಳಿಯ ಹೊಸ ಕಲ್ಯಾಣ ಮಂಟಪದ ಅಡುಗೆಮನೆಗೆ ಬೆಂಕಿ ಬಿತ್ತು. ಪೇಪರಿನಲ್ಲಿ ನೋಡಿರಬಹುದು. ಮದುವೆಮನೆಯ ಬೆಳಗಿನ ತಿಂಡಿಗೆ ಪೂರಿ ಕರಿಯುತ್ತಿದ್ದರಂತೆ. ಬಾಣಲೆಯ ಉರಿ ಮೇಲಕ್ಕೆದ್ದು, ಒಲೆಯ ಮೇಲೆ ಹೊಗೆ ಎಳೆಯುವ ಗೂಡಿಗೆ ಹತ್ತಿ, ಅಲ್ಲಿಂದ ಹೊಗೆಯನ್ನು ಹೊರಗೆ ಒಯ್ಯುವ ತಗಡಿನ ಡಕ್ಟಿನೊಳಗೆ ನುಗ್ಗಿದೆ. ಒಳಗೆ ಮೂರು ತಿಂಗಳಿನಿಂದ ಕೂತಿದ್ದ ಎಣ್ಣೆಯ ಜಿಡ್ಡು ಹೊತ್ತಿಕೊಂಡಿದೆ. ಹಿಂದುಗಡೆ ತರಕಾರಿ ಹೆಚ್ಚುವ ಕೋಣೆಯ ಮೇಲೆ ಡಕ್ಟು ತಿರುಗುತ್ತದೆ. ಆ ತಿರುವಿನಲ್ಲಿ ಕೀಲು ಬಿಟ್ಟುಕೊಂಡು ಉರಿಯುವ ಜಿಡ್ಡು ಪ್ಲಾಸ್ಟಿಕ್ ಸೀಲಿಂಗಿನ ಮೇಲೆ ಸುರಿದು, ಸೀಲಿಂಗಿನ ಸಮೇತ ಕೆಳಗೆ ಬಿದ್ದಿದೆ. ಕೋಣೆಯಲ್ಲಿ ಮೂರು ಜನ ಹೆಂಗಸರಿದ್ದರು. ಇಬ್ಬರು ಹೊರಗೆ ಓಡಿದರು. ಒಬ್ಬಳಿಗೆ ಆಗಲಿಲ್ಲ.

ಅವಳು ನಮ್ಮ ಬೀದಿಯ ಲಕ್ಷ್ಮಮ್ಮ. ನೀರು ಬಿಡುವ ಕೆಲಸದ ಬೀರೇಶನ ಹೆಂಡತಿ. ಆಸ್ಪತ್ರೆಯಲ್ಲಿ ಒಂದು ದಿನ ಇದ್ದಳು.

ಮೊನ್ನೆ ಅವರ ಮನೆಗೆ ಹೋಗಿ ಕೂತಿದ್ದೆ. ಬೀದಿಯವರೆಲ್ಲ ಇದ್ದರು. ಬೀರೇಶ್ ಎದ್ದು ಬಂದು ನನ್ನ ಮುಂದೆ ಕೂತ. ನನ್ನ ಹತ್ತಿರ ಮಾತಾಡುವವರು ತುಟಿ ಕಾಣುವ ಹಾಗೆ ಎದುರಿಗೆ ಕೂರಬೇಕು ಎಂದು ಬೀದಿಯವರಿಗೆಲ್ಲ ಗೊತ್ತು. ನಿಧಾನವಾಗಿ ಕೇಳಿದ, “ಸಿದ್ದಣ್ಣ, ನಿಮ್ಗೆ ಈ ಕೆಲಸ ಗೊತ್ತು. ತಗಡಿನ ಪೈಪೊಳಗಿರೋ ಬೆಂಕಿ ಎಂಗಣ್ಣ ಈಚೆಗೆ ಬತ್ತದೆ?”

“ಗೊತ್ತಿಲ್ಲ ಕಣಪ್ಪ” ಎಂದೆ.

ಯಜಮಾನರೇ, ಆ ಡಕ್ಟು ಮಾಡಿದ್ದು ನಮ್ಮ ಅಂಗಡಿ. ಬಡಿದ ಕೈ ನನ್ನದು.

ನಿಮ್ಮ
ಸಿದ್ದರಾಜು


ನಂಜನಗೂಡು
20 ಫೆಬ್ರವರಿ 2024

ಸಿದ್ದರಾಜುವಿಗೆ ಶರಣು.

ಕಾಗದ ಬಂತು. ಪೇಪರಿನಲ್ಲಿ ಸುದ್ದಿ ಕಂಡಿದ್ದೆ, ಹೆಸರು ಓದಿರಲಿಲ್ಲ. ನನ್ನ ಹೆಂಡತಿ ಪುಟ್ಟಬಸಮ್ಮ ತೀರಿಕೊಂಡಾಗ ಕಾರ್ಯದ ದಿನ ಪಾತ್ರೆ ತೊಳೆಯಲು ನೀನು ಕರೆತಂದಿದ್ದವಳು ಇದೇ ಲಕ್ಷ್ಮಮ್ಮನಲ್ಲವೇ? ಎಲ್ಲರೂ ಹೋದ ಮೇಲೆ ಹಿತ್ತಲಿನಲ್ಲಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟು ಹೋಗಿದ್ದಳು. ಆ ಮುಖ ಜ್ಞಾಪಕವಿದೆ.

ನೀನು ಬಡಿದೆ ಎಂದ ಮಾತ್ರಕ್ಕೆ ಬೆಂಕಿ ನಿನ್ನದಾಗುವುದಿಲ್ಲ. ಬಾಣಲೆಗೆ ಎಣ್ಣೆ ಹೆಚ್ಚು ಸುರಿದವರು ಯಾರೋ, ಗೂಡಿನ ಜಾಲರಿ ತೊಳೆಯದೆ ಬಿಟ್ಟವರು ಯಾರೋ. ವಿಚಾರಣೆ ಆಗಲಿ. ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ.

ಆದರೆ ಒಂದು ಮಾತು ನನಗೆ ಅರ್ಥವಾಗಲಿಲ್ಲ. ಕೀಲು ಬಿಟ್ಟಿತು ಎಂದು ಬರೆದಿದ್ದೀಯ. ಅಡುಗೆಮನೆಯ ಡಕ್ಟಿಗೆ ಬಿಟ್ಟುಕೊಳ್ಳುವ ಕೀಲು ಎಲ್ಲಿಂದ ಬಂತು? ಏಸಿ ಗಾಳಿ ಹೋಗುವ ಡಕ್ಟು ಬೇರೆ, ಎಣ್ಣೆ ಹೊಗೆ ಹೋಗುವ ಡಕ್ಟು ಬೇರೆ. ದಪ್ಪನೆಯ ಕಪ್ಪು ಶೀಟು, ಉದ್ದಕ್ಕೂ ವೆಲ್ಡಿಂಗ್, ತಿರುವು ಇರುವ ಕಡೆಯೆಲ್ಲ ಕೈ ಹಾಕಿ ಜಿಡ್ಡು ಕೆರೆಯಲು ಒಂದೊಂದು ಬಾಗಿಲು. ಇದನ್ನು ನಿನಗೆ ನಾನೇ ಹೇಳಿಕೊಟ್ಟದ್ದು. ವೆಲ್ಡಿಂಗ್ ಆದ ಕಪ್ಪು ಶೀಟು ಒಳಗೆ ಉರಿದರೂ ಕೆಂಪಗಾಗುತ್ತದೆ ಹೊರತು ಬಾಯಿ ಬಿಡುವುದಿಲ್ಲ.

ಏನಾಯಿತೆಂದು ನನಗೊಬ್ಬನಿಗೆ ಬರೆ.

ಶಿವರುದ್ರಪ್ಪ


ಅಶೋಕಪುರಂ
2 ಮಾರ್ಚ್ 2024

ಯಜಮಾನರಿಗೆ ನಮಸ್ಕಾರ.

ಕೇಳಿದ್ದೀರಿ, ಬರೆಯುತ್ತೇನೆ.

ಹೋದ ನವೆಂಬರಿನಲ್ಲಿ ಆ ಮಂಟಪದ ಕೆಲಸ ಬಂತು. ಇಂಜಿನಿಯರು ಕೊಟ್ಟ ನಕಾಶೆಯಲ್ಲಿ ನೀವು ಹೇಳಿದ್ದೆಲ್ಲ ಇತ್ತು. ಹದಿನಾರು ಗೇಜಿನ ಕಪ್ಪು ಶೀಟು, ವೆಲ್ಡಿಂಗ್, ನಾಲ್ಕು ತಿರುವಿಗೆ ನಾಲ್ಕು ಬಾಗಿಲು. ಕಪ್ಪು ಶೀಟು ಬರುವುದಕ್ಕೆ ಹದಿನೈದು ದಿನ ಎಂದರು. ನಮ್ಮ ವೆಲ್ಡರ್ ಪ್ರಸನ್ನ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಮಂಟಪದವರು ಕಾರ್ತಿಕದ ಮೊದಲ ಮದುವೆಗೆ ಅಡುಗೆಮನೆ ತೆರೆಯಲೇಬೇಕು ಎಂದು ದಿನಾ ಬಂದು ನಿಲ್ಲುತ್ತಿದ್ದರು. ಅಂಗಡಿಯಲ್ಲಿ ಯಾವುದೋ ಆಸ್ಪತ್ರೆಯ ಏಸಿ ಕೆಲಸದಲ್ಲಿ ಮಿಕ್ಕಿದ್ದ ಇಪ್ಪತ್ತನಾಲ್ಕು ಗೇಜಿನ ತೆಳುವಾದ ಬಿಳಿ ಜಿಐ ಶೀಟು ರಾಶಿ ಇತ್ತು.

ಶಿವಕಿರಣ ನನಗೆ ಏನು ಹೇಳಬೇಕಾದರೂ ತುಂಡು ತಗಡಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದು ಕೊಡುತ್ತಾನೆ. ಎರಡು ವರ್ಷದಿಂದ ಹೀಗೇ. ಅವತ್ತೂ ಒಂದು ತುಂಡು ತೆಗೆದುಕೊಂಡು ಬರೆದ: ‘24 ಗೇಜ್. ವೆಲ್ಡಿಂಗ್ ಬೇಡ, ಲಾಕ್ ಸಾಕು. ಬಾಗಿಲು ಬೇಡ. ಶುಕ್ರವಾರ ಫಿಟ್ಟಿಂಗ್.’

ಬೆಸೆಯದೆ ಬರೀ ಅಂಚು ಮಡಚಿ ಲಾಕ್ ಹೊಡೆದರೆ ಮಡಿಕೆಯಲ್ಲಿ ಜಿಡ್ಡು ಇಳಿಯುತ್ತದೆ, ಬೆಂಕಿ ತಗುಲಿದರೆ ಕಿತ್ತುಕೊಳ್ಳುತ್ತದೆ ಎಂದೆ. ಅವನು ನನ್ನ ಕಡೆ ತಿರುಗಿ, ತುಟಿ ಕಾಣುವ ಹಾಗೆ ನಿಂತು, “ಕೆಳ್ಗೆ ಸೀಲಿಂಗ್ ಬತ್ತದೆ ಸಿದ್ದಣ್ಣ. ಯಾರು ನೋಡ್ತಾರೆ ಬುಡಿ” ಎಂದು ಭುಜ ತಟ್ಟಿ ಹೋದ.

ಆಗ ನಾನು ಕೊಡತಿ ಕೆಳಗಿಟ್ಟು ಮನೆಗೆ ಬರಬಹುದಿತ್ತು. ಐವತ್ತೆಂಟು ವರ್ಷದವನು ನಾನು, ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಇಡಲಿಲ್ಲ.

ಇನ್ನೂ ಒಂದನ್ನು ಬರೆಯದಿದ್ದರೆ ಇದೆಲ್ಲ ಅರ್ಧ ಸುಳ್ಳಾಗುತ್ತದೆ. ಆ ನಾಲ್ಕು ದಿನ ನಾನು ಖುಷಿಯಾಗಿದ್ದೆ. ತುಂಬ ದಿನದ ಮೇಲೆ ದೊಡ್ಡ ತಿರುವುಗಳ ಕೆಲಸ ಸಿಕ್ಕಿತ್ತು. ಈಗ ಯಂತ್ರ ಮಡಚಿಕೊಡುತ್ತದೆ, ಕೈಯಲ್ಲಿ ತಿರುವು ಬಿಡಿಸುವವರು ಯಾರಿದ್ದಾರೆ? ನೆಲದ ಮೇಲೆ ಶೀಟು ಹಾಸಿ, ಸೂಜಿಯಲ್ಲಿ ಕಮಾನು ಗೀಚಿ, ಮಡಿಕೆಗೆ ಅರ್ಧ ಅಂಗುಲ ಬಿಟ್ಟು ಕತ್ತರಿಸಿದೆ. ರೈಲು ಕಂಬಿಯ ತುಂಡಿನ ಮೇಲಿಟ್ಟು ಅಂಚು ಎಬ್ಬಿಸಿದೆ. ಒಂದರ ಅಂಚು ಇನ್ನೊಂದರ ಬಾಯೊಳಗೆ ಕೂರಿಸಿ ಕೊಡತಿಯಲ್ಲಿ ಬಡಿಯುತ್ತ ಬಂದೆ. ಲಾಕ್ ಕೂತಾಗ ಸದ್ದು ಬದಲಾಗುತ್ತದೆ ಎಂದು ನೀವು ಹೇಳಿಕೊಟ್ಟಿದ್ದಿರಿ. ಈಗ ನನಗೆ ಸದ್ದಿಲ್ಲ. ಎಡಗೈ ಬೆರಳು ಅಡಿಗೆ ಇಟ್ಟುಕೊಂಡಿರುತ್ತೇನೆ, ಅದುರುವುದು ನಿಂತರೆ ಕೂತಿತು ಎಂದು ಲೆಕ್ಕ. ನಾಲ್ಕೂ ತಿರುವು ಎಲ್ಲೂ ಒಂದು ಸುಕ್ಕಿಲ್ಲದೆ ಬಂದವು. ಫಿಟ್ಟಿಂಗ್ ದಿನ ಕೆಳಗೆ ನಿಂತು ಸುಮಾರು ಹೊತ್ತು ನೋಡಿದೆ. ಆಮೇಲೆ ಸೀಲಿಂಗಿನವರು ಬಂದು, ಒಲೆಯ ಮೇಲಿನ ತುಂಡು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರು.

ತಪ್ಪು ಕೆಲಸವೆಂದು ಗೊತ್ತಿದ್ದೇ ಚೆನ್ನಾಗಿ ಮಾಡಿದೆ. ಈಗ ಊಟಕ್ಕೆ ಕೂತರೆ ಆ ಮೂರನೆಯ ತಿರುವು ಕಣ್ಣ ಮುಂದೆ ಬರುತ್ತದೆ. ಅವಳ ತಲೆಯ ಮೇಲಿದ್ದದ್ದು ಅದೇ.

ಸಿದ್ದರಾಜು


ನಂಜನಗೂಡು
18 ಮಾರ್ಚ್ 2024

ಸಿದ್ದರಾಜುವಿಗೆ ಶರಣು.

ಭಾನುವಾರ ಶಿವಕಿರಣ ಬಂದಿದ್ದ. ಹೆಂಡತಿ ಅಕ್ಷತಾ, ಮೊಮ್ಮಗಳು ಜೊತೆಗಿದ್ದರು. ಹುಡುಗಿಗೆ ಈಗ ನಾಲ್ಕು ವರ್ಷ. ಊಟವಾದ ಮೇಲೆ ಅವನು ಒಬ್ಬನೇ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ.

ಠಾಣೆಯವರು ಅವನನ್ನು ಎರಡು ಸಲ ಕರೆಸಿದ್ದಾರಂತೆ. ಡಕ್ಟು ನಕಾಶೆಯ ಹಾಗಿಲ್ಲ ಎಂದು ಅಗ್ನಿಶಾಮಕದವರು ಬರೆದು ಕೊಟ್ಟಿದ್ದಾರಂತೆ. ನೀನು ಬರೆದದ್ದನ್ನು ನಾನು ಅವನಿಗೆ ಹೇಳಿದೆ. ತಗಡಿನ ಮೇಲೆ ತಾನು ಏನೂ ಬರೆದುಕೊಡಲಿಲ್ಲ ಎನ್ನುತ್ತಾನೆ. ವೆಲ್ಡಿಂಗ್ ಮಾಡಿ ಎಂದು ಬಾಯಲ್ಲಿ ಹೇಳಿ ತಾನು ಬೇರೆ ಕೆಲಸದ ಮೇಲೆ ಹೋದೆ, ಸಿದ್ದಣ್ಣನಿಗೆ ಕೇಳಿಸಿಲ್ಲ, ಏಸಿ ಡಕ್ಟೆಂದುಕೊಂಡು ಲಾಕ್ ಹೊಡೆದಿದ್ದಾರೆ, ಎನ್ನುತ್ತಾನೆ.

ನೀನು ಸುಳ್ಳು ಬರೆಯುವವನಲ್ಲ. ಇದನ್ನು ಬರೆಯುವಾಗಲೂ ನನಗೆ ಅದು ಗೊತ್ತು.

ವಕೀಲರು ಹೇಳುತ್ತಾರಂತೆ, ಕಿವಿ ಕೇಳದ ವಯಸ್ಸಾದ ಕೆಲಸಗಾರನಿಂದ ತಿಳಿಯದೆ ಆದ ತಪ್ಪು ಎಂದಾದರೆ ಕೋರ್ಟು ಕರುಣೆ ತೋರಿಸುತ್ತದೆ, ಜೈಲಿಗೆ ಕಳಿಸುವುದಿಲ್ಲ. ಮಾಲೀಕನೇ ತಿಳಿದೂ ಮಾಡಿಸಿದ ಎಂದಾದರೆ ಕತೆ ಬೇರೆ. ಅವನಿಗೆ ಮೂವತ್ತೈದು ವರ್ಷ. ಅಕ್ಷತಾ ಬಾಗಿಲ ಆಚೆ ನಿಂತು ಅಳುತ್ತಿದ್ದಳು.

ಕರೆಸಿದಾಗ ‘ಸರಿಯಾಗಿ ಕೇಳಿಸಲಿಲ್ಲ’ ಎಂದು ಒಂದು ಮಾತು ಹೇಳುತ್ತೀಯಾ? ಅದರಲ್ಲಿ ಅರ್ಧ ನಿಜವೇ ಅಲ್ಲವೇ? ನಿನಗೆ ಕೇಳಿಸುವುದಿಲ್ಲ ಎಂಬುದು ನಿಜ ತಾನೇ?

ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಶಿವರುದ್ರಪ್ಪ


ಅಶೋಕಪುರಂ
24 ಮಾರ್ಚ್ 2024

ಯಜಮಾನರಿಗೆ,

ಕಾಗದ ಬಂದ ದಿನವೇ ಉತ್ತರ ಬರೆಯಲು ಕೂತು, ಹರಿದು ಹಾಕಿದೆ. ಇದು ಎರಡನೆಯದು.

ನನ್ನ ಕಿವಿ ಹೋದದ್ದು ನಿಮ್ಮ ಅಂಗಡಿಯಲ್ಲಿ. ಅಗ್ರಹಾರದ ಆ ಹತ್ತಡಿ ಕೋಣೆಯಲ್ಲಿ ಮೂವತ್ತೊಂದು ವರ್ಷ ನಾವಿಬ್ಬರೂ ಬಡಿದೆವು. ನಿಮ್ಮದು ಉಳಿಯಿತು, ನನ್ನದು ಹೋಯಿತು. ಇದನ್ನು ನಾನು ಒಂದು ದಿನವೂ ಎತ್ತಿ ಆಡಿದವನಲ್ಲ. ನಾನು ಸುಮ್ಮನಿದ್ದದ್ದಕ್ಕೆ ಈಗ ನಿಮ್ಮ ಮಗನಿಗೆ ನನ್ನ ಕಿವಿ ಉಪಯೋಗಕ್ಕೆ ಬರುತ್ತಿದೆ.

ತಗಡಿನ ಮೇಲೆ ಬರೆದಿಲ್ಲ ಎಂದು ಹೇಳಿದನಲ್ಲ, ಆ ತುಂಡು ಎಲ್ಲೂ ಹೋಗಿಲ್ಲ. ಅದರ ಬೆನ್ನಿಗೇ ನಾನು ತಿರುವಿನ ಅಳತೆ ಗೀಚಿಕೊಂಡಿದ್ದೆ. ಅಳತೆ ಗೀಚಿದ ತಗಡನ್ನು ನಾನು ಗುಜರಿಗೆ ಹಾಕುವುದಿಲ್ಲ, ಮೊಳೆಗೆ ತೂಗುಹಾಕುತ್ತೇನೆ, ನಿಮಗೇ ಗೊತ್ತು. ನಿನ್ನೆ ಅಂಗಡಿಗೆ ಹೋಗಿ ಇಳಿಸಿಕೊಂಡು ಬಂದೆ. ಒಂದು ಕಡೆ ನನ್ನ ಗೀಚು, ಇನ್ನೊಂದು ಕಡೆ ಅವನ ಅಕ್ಷರ. ಅಂಗಡಿಯಲ್ಲಿ ಅವನಿರಲಿಲ್ಲ. ಇನ್ನು ಅಲ್ಲಿಗೆ ಕೆಲಸಕ್ಕೆ ಹೋಗುವುದಿಲ್ಲ.

ಅದನ್ನು ಪೇಪರಿನಲ್ಲಿ ಸುತ್ತಿ ಪ್ರಸನ್ನನ ಕೈಯಲ್ಲಿ ನಿಮಗೆ ಕಳಿಸುತ್ತಿದ್ದೇನೆ. ಸೋಮವಾರ ದೇವಸ್ಥಾನಕ್ಕೆ ಬರುತ್ತಾನೆ. ಒಳಗೆ ಏನಿದೆ ಎಂದು ಅವನಿಗೆ ಹೇಳಿಲ್ಲ. ನೀವೇ ಓದಿ ನೋಡಿ. ಮಗನಿಗೆ ಅ ಆ ತಿದ್ದಿಸಿದವರು ನೀವು, ಅಕ್ಷರ ಗುರುತು ಸಿಗದೆ ಇರುವುದಿಲ್ಲ.

ನೇರವಾಗಿ ಠಾಣೆಗೆ ಕೊಡಬಹುದಿತ್ತು. ಕೊಡಲು ಕೈ ಬರಲಿಲ್ಲ. ನೀವು ಓದಿ, ಅವನನ್ನು ಕರೆದುಕೊಂಡು ಮೈಸೂರಿಗೆ ಬನ್ನಿ. ಮೂರು ಜನವೂ ಒಟ್ಟಿಗೆ ಹೋಗೋಣ. ಅವನು ಹೇಳಿದ್ದನ್ನು ಅವನು ಹೇಳಲಿ, ನಾನು ಮಾಡಿದ್ದನ್ನು ನಾನು ಹೇಳುತ್ತೇನೆ. ನನ್ನ ತಪ್ಪನ್ನು ಅವನ ತಲೆಗೆ ಕಟ್ಟುವುದಿಲ್ಲ. ಅವನದನ್ನು ನಾನು ಹೊರುವುದೂ ಇಲ್ಲ.

ದಿನಾ ಬೆಳಗ್ಗೆ ಬೀರೇಶ್ ಸೈಕಲ್ಲಿಗೆ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡು ನನ್ನ ಮನೆ ಮುಂದೆಯೇ ಹೋಗುತ್ತಾನೆ. ನೋಡಿ ತಲೆಯಾಡಿಸುತ್ತಾನೆ. ನಾನೂ ಆಡಿಸುತ್ತೇನೆ. ಬೇಗ ಬನ್ನಿ.

ಸಿದ್ದರಾಜು


ಅಶೋಕಪುರಂ
22 ಏಪ್ರಿಲ್ 2024

ಯಜಮಾನರಿಗೆ,

ತಿಂಗಳಾಗುತ್ತ ಬಂತು. ಪೊಟ್ಟಣವನ್ನು ನಿಮ್ಮ ಕೈಗೇ ಕೊಟ್ಟೆ ಎಂದು ಪ್ರಸನ್ನ ಹೇಳಿದ. ನೀವು ಆರೋಗ್ಯವಾಗಿದ್ದೀರಿ, ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದಿರಿ ಎಂದೂ ಹೇಳಿದ.

ಠಾಣೆಯಿಂದ ನನಗೆ ನೋಟೀಸು ಬಂದಿದೆ. ಮೇ ಆರಕ್ಕೆ ಬರಬೇಕಂತೆ. ನೋಟೀಸು ಮೊದಲು ನೋಡಿದ್ದು ಪವಿತ್ರ. ಅವಳಿಗೆ ಎಲ್ಲ ಹೇಳಿದೆ. ಮಗಳ ಮುಂದೆ ಹೇಳುವುದು ಕಷ್ಟವಾಯಿತು.

ಶಿವಕಿರಣನನ್ನು ಕರೆತರಲು ನಿಮಗೆ ಆಗದಿದ್ದರೆ ಬೇಡ. ಆ ತಗಡನ್ನಾದರೂ ವಾಪಸು ಕಳಿಸಿ. ನನ್ನ ಹತ್ತಿರ ಇರುವುದು ಅದೊಂದೇ.

ಸಿದ್ದರಾಜು


ನಂಜನಗೂಡು
30 ಏಪ್ರಿಲ್ 2024

ಸಿದ್ದರಾಜು,

ಅದು ಈಗ ಇಲ್ಲ.

ಪ್ರಸನ್ನ ಕೊಟ್ಟುಹೋದ ದಿನ ಬಿಚ್ಚಿ ಓದಿದೆ. ಶಿವಕಿರಣನ ಅಕ್ಷರವೇ. ‘ಬೇಡ’ದ ಡಕಾರಕ್ಕೆ ಬಾಲ ಉದ್ದ ಎಳೆಯುತ್ತಾನೆ, ಒಂದನೆಯ ಕ್ಲಾಸಿನಿಂದ ನಾನು ಬೈದರೂ ಬಿಟ್ಟಿಲ್ಲ. ನಾಲ್ಕು ವಾರ ಮಂಚದ ಕೆಳಗಿಟ್ಟುಕೊಂಡೆ. ಠಾಣೆಗೆ ಹೋಗೋಣವೆಂದು ಒಂದು ದಿನ ಬಸ್ ಸ್ಟ್ಯಾಂಡಿನವರೆಗೂ ಹೋಗಿ ವಾಪಸು ಬಂದೆ.

ಇಲ್ಲಿಗೆ ಬರುವಾಗ ಹಳೆಯ ಕತ್ತರಿಯೊಂದನ್ನು ಜೊತೆಗೆ ತಂದಿದ್ದೆ. ಹೋದ ವಾರ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಹಿತ್ತಲಿಗೆ ಹೋಗಿ ಆ ತಗಡನ್ನು ಕತ್ತರಿಸಿದೆ. ನೀನು ಗೀಚಿದ್ದ ಗೆರೆ ಸಿಕ್ಕಿದ ಕೂಡಲೇ ಅದರ ಮೇಲೆ ಕತ್ತರಿ ತಾನಾಗಿ ನೆಟ್ಟಗೆ ಹೋಯಿತು. ಚೂರುಗಳನ್ನು ಟವಲಿನಲ್ಲಿ ಕಟ್ಟಿಕೊಂಡು ಹೋಗಿ ಕಪಿಲೆಗೆ ಹಾಕಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ನಾನು ಅವನ ಅಪ್ಪ. ಇಷ್ಟೇ ನನ್ನ ಹತ್ತಿರ ಇರುವ ಕಾರಣ.

ನನಗೆ ಇನ್ನು ಬರೆಯಬೇಡ.

ಶಿವರುದ್ರಪ್ಪ


ಅಶೋಕಪುರಂ
17 ಜೂನ್ 2024

ಯಜಮಾನರಿಗೆ,

ಬರೆಯಬೇಡ ಎಂದಿದ್ದಿರಿ. ಇದೊಂದನ್ನು ಬರೆದು ನಿಲ್ಲಿಸುತ್ತೇನೆ. ಏನಾಯಿತೆಂಬುದು ನಿಮಗೆ ಗೊತ್ತಿರಬೇಕು.

ನಿಮ್ಮ ಕಾಗದ ಬಂದ ಮಾರನೆಯ ದಿನ ಮಧ್ಯಾಹ್ನ ಬೀರೇಶನ ಮನೆಗೆ ಹೋದೆ. ಠಾಣೆಯಲ್ಲಿ ಹೇಳುವುದಕ್ಕೆ ಮೊದಲು ಅವನಿಗೆ ಹೇಳಬೇಕಿತ್ತು. ಹೊಸ್ತಿಲ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಮಗಳು ಲಾಸ್ಯ ಒಳಗೆ ಓದಿಕೊಳ್ಳುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಡಕ್ಟು ಮಾಡಿದವನು ನಾನು, ಸರಿಯಾದ ಶೀಟಿನಲ್ಲಿ ಮಾಡಲಿಲ್ಲ, ಅದು ತಪ್ಪೆಂದು ನನಗೆ ಮಾಡುವಾಗಲೇ ಗೊತ್ತಿತ್ತು ಎಂದೆ.

ಅವನು ಕೈಯೊರೆಸಿಕೊಂಡು ನನ್ನ ಮುಖ ನೋಡಿ ಹೇಳಿದ, “ಗೊತ್ತು ಸಿದ್ದಣ್ಣ. ಅವ್ಳೇ ಯೋಳಿದ್ಲು. ಆ ಅಡುಗೆಮನೆಗೆ ಮೊದಲ್ನೆ ದಿನ ಕೆಲಸಕ್ಕೋಗಿ ಬಂದು, ಒಲೆ ಮ್ಯಾಲೆಲ್ಲ ನಮ್ ಸಿದ್ದಣ್ಣನ ಕೆಲಸ, ಫಳಫಳ ಅಂತದೆ, ಅಂದಿದ್ಲು.”

ಗೋಡೆ ಹಿಡಿದುಕೊಂಡೆ.

“ಅವತ್ತು ಎಲ್ಲಾರ್ ಮುಂದೆ ನಿಮ್ಮನ್ನ ಕೇಳ್ದೆ. ಗೊತ್ತಿಲ್ಲ ಅಂದ್ಬುಟ್ರಿ. ಅವತ್ತಿಂದ ಕಾಯ್ತಾವ್ನಿ, ಯಾವತ್ತು ಯೋಳ್ತೀರಿ ಅಂತ. ಮೂರು ತಿಂಗಳಾಯ್ತು.” ಎಣ್ಣೆಯ ಡಬ್ಬಿ ಮುಚ್ಚಿಟ್ಟು, “ಇನ್ಮ್ಯಾಕೆ ಈ ಬಾಗ್ಲಿಗೆ ಬರ್ಬೇಡಿ” ಎಂದ.

ಆಮೇಲೆ ಸೈಕಲ್ಲಿನ ಕಡೆ ತಿರುಗಿಕೊಂಡ. ತಿರುಗಿಕೊಂಡ ಮೇಲೂ ಮಾತಾಡುತ್ತಿದ್ದ. ಬೆನ್ನು ಅಲ್ಲಾಡುತ್ತಿತ್ತು, ಒಳಗಿನಿಂದ ಹುಡುಗಿ ಎದ್ದು ಬಂದು ಅವನ ತೋಳು ಹಿಡಿದುಕೊಂಡಳು. ಏನು ಹೇಳುತ್ತಿದ್ದನೋ ನನಗೆ ತಿಳಿಯಲಿಲ್ಲ. ನನಗೆ ಕೇಳಿಸುವುದಿಲ್ಲವೆಂದೇ ಹೇಳಿಕೊಂಡನೋ ಏನೋ. ಬೈದಿದ್ದರೆ ಅದು ನನಗೆ ಸಲ್ಲಬೇಕಾದ ಬೈಗುಳ. ಅದೂ ನನ್ನ ಕಿವಿಗೆ ಬೀಳಲಿಲ್ಲ.

ಮೇ ಆರರಂದು ಪವಿತ್ರಳ ಜೊತೆ ಠಾಣೆಗೆ ಹೋದೆ. ಇನ್ಸ್‌ಪೆಕ್ಟರು ಕೇಳಿದ್ದನ್ನೆಲ್ಲ ಅವಳು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದಳು. ಡಕ್ಟು ಮಾಡಿದ್ದು ಯಾರು? ನಾನು. ನಕಾಶೆ ನೋಡಿದ್ದಿರಾ? ನೋಡಿದ್ದೆ. ಹಾಗಾದರೆ ಲಾಕ್ ಯಾಕೆ ಹೊಡೆದಿರಿ? ಶಿವಕಿರಣ ಬರೆದು ಕೊಟ್ಟ, ತಪ್ಪೆಂದು ತಿಳಿದೂ ನಾನು ಮಾಡಿದೆ. ಬರೆದು ಕೊಟ್ಟದ್ದು ಎಲ್ಲಿದೆ?

ಈ ಕೊನೆಯ ಪ್ರಶ್ನೆ ಬರೆಯುವಾಗ ಪವಿತ್ರಳ ಪೆನ್ನು ನಿಂತಿತು. ನಿಮ್ಮ ಕಾಗದವನ್ನು ಅವಳೂ ಓದಿದ್ದಳು. ನನ್ನ ಮುಖ ನೋಡಿದಳು.

ಕಳೆದುಹೋಯಿತು ಎಂದೆ.

ಅಲ್ಲಿ ಹೇಳಿದ್ದರಲ್ಲಿ ಸುಳ್ಳು ಅದೊಂದೇ. ಯಾಕೆ ಹೇಳಿದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಎಪ್ಪತ್ತು ವರ್ಷದ ನಿಮ್ಮನ್ನು ಆ ಬೆಂಚಿನ ಮೇಲೆ ಕೂರಿಸುವುದು ನನ್ನ ಬಾಯಿಂದ ಆಗಲಿಲ್ಲ. ಮನೆಗೆ ಬಂದ ಮೇಲೆ ಪವಿತ್ರ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಶಿವಕಿರಣ ವೆಲ್ಡಿಂಗ್ ಮಾಡೆಂದು ಬಾಯಲ್ಲಿ ಹೇಳಿದೆ ಎಂದೇ ಬರೆಸಿದ್ದಾನೆ. ನನ್ನ ಹತ್ತಿರ ಪುರಾವೆ ಇಲ್ಲ. ಕೇಸು ಸದ್ಯಕ್ಕೆ ನನ್ನೊಬ್ಬನ ಮೇಲೆ. ಹನ್ನೊಂದು ದಿನ ಒಳಗಿದ್ದೆ. ಅಳಿಯ ಜಾಮೀನು ನಿಂತು ಬಿಡಿಸಿಕೊಂಡು ಬಂದ. ಈಗ ಬೀರೇಶ್ ಬೆಳಗ್ಗೆ ನಮ್ಮ ಬೀದಿಯ ವಾಲ್ವಿಗೆ ಹಿಂದಿನ ಸಂದಿಯಿಂದ ಸುತ್ತಿಕೊಂಡು ಹೋಗುತ್ತಾನೆ.

ನಿಮ್ಮ ಕಣ್ಣಿಗೆ ಔಷಧಿ ಹಾಕುವುದನ್ನು ತಪ್ಪಿಸಬೇಡಿ.

ಸಿದ್ದರಾಜು


ನಂಜನಗೂಡು
9 ಆಗಸ್ಟ್ 2024

ಸಿದ್ದರಾಜು ಅವರಿಗೆ ಶರಣು.

ನಿಮ್ಮ ಕಾಗದ ಬಂದು ಏಳು ವಾರವಾಯಿತು. ಹನ್ನೊಂದು ದಿನ ಎಂಬಲ್ಲಿಗೆ ಬಂದಾಗ ಮುಂದಕ್ಕೆ ಓದಲು ಆಗಲಿಲ್ಲ. ಮಗಳು ಶಿಲ್ಪಶ್ರೀಯನ್ನು ಕರೆದು ಓದಿಸಿದೆ. ಹಾಗೆ ಅವಳಿಗೂ ಎಲ್ಲ ತಿಳಿಯಿತು. ಓದಿ ಮುಗಿಸಿ ಕಾಗದವನ್ನು ಮಡಚಿ ನನ್ನ ತೊಡೆಯ ಮೇಲಿಟ್ಟು, “ನೀವು ಇದನ್ನ ಇಟ್ಕೊಂಡು ಎಂಗಪ್ಪ ದಿನಾ ಪೂಜೆ ಮಾಡ್ತಿದ್ರಿ?” ಎಂದಳು.

ಮೊದಲು ಶಿವಕಿರಣನನ್ನು ಕರೆಸಿದೆ. ಜುಲೈ ಮೊದಲ ವಾರ ಬಂದ. ನೀನೇ ಹೋಗಿ ನಿಜ ಹೇಳು, ನಾನು ಜೊತೆಗೆ ಬರುತ್ತೇನೆ ಎಂದೆ. ಅವನು ಸಿಟ್ಟು ಮಾಡಲಿಲ್ಲ. ನನ್ನ ಪಕ್ಕ ಕೂತು ಮೊಣಕಾಲ ಮೇಲೆ ಕೈ ಇಟ್ಟು, “ಈಗೆಲ್ಲ ಸರೋಗದೆ ಅಪ್ಪಾಜಿ. ನೀವು ತಲೆ ಕೆಡಿಸ್ಕೋಬೇಡಿ” ಎಂದ. ಚಿಕ್ಕವನಿದ್ದಾಗ ಜ್ವರ ಬಂದರೆ ನಾನು ಅವನ ಹಣೆ ಮುಟ್ಟುತ್ತಿದ್ದ ಹಾಗೆಯೇ ಮುಟ್ಟಿದ. ಎಲ್ಲ ಸರಿಹೋಗಿದೆ ಎಂದು ಅವನು ನಿಜವಾಗಿಯೂ ನಂಬಿದ್ದ. ಆ ತಗಡು ಕತ್ತರಿಸಿದಾಗ ನಾನು ಉಳಿಸಿಕೊಂಡದ್ದು ಈ ಮನುಷ್ಯನನ್ನೇ ಎಂದು ಅವತ್ತು ಕಂಡೆ.

ಜುಲೈ ಹದಿನೈದರಂದು ಬಸ್ಸು ಹತ್ತಿ ಮೈಸೂರಿಗೆ ಬಂದೆ. ನಿಮ್ಮ ಬೀದಿಗೆ ಬರಲಿಲ್ಲ, ಬರುವ ಮುಖವಿರಲಿಲ್ಲ. ಠಾಣೆಯಲ್ಲಿ ಮೂರು ಗಂಟೆ ಕಾಯಿಸಿದರು. ಆಮೇಲೆ ಇನ್ಸ್‌ಪೆಕ್ಟರ ಮುಂದೆ ಎಲ್ಲ ಹೇಳಿದೆ. ತಗಡು ನನ್ನ ಕೈಗೆ ಬಂದದ್ದು, ಅದರ ಮೇಲಿದ್ದ ಮಾತು, ಅಕ್ಷರ ನನ್ನ ಮಗನದೆಂಬುದು, ನಾನೇ ಕತ್ತರಿಸಿ ನದಿಗೆ ಹಾಕಿದ್ದು. ನಿಮ್ಮ ಕಾಗದಗಳನ್ನೂ ಕೊಟ್ಟೆ. ಅವರು ಪೆನ್ನು ಕೆಳಗಿಟ್ಟು, ಸ್ವಂತ ಮಗನ ಮೇಲೆ ಹೇಳುತ್ತಿದ್ದೀರಿ, ಯೋಚನೆ ಮಾಡಿದ್ದೀರಾ ಎಂದು ಕೇಳಿದರು. ಯೋಚನೆ ಮಾಡಿ ಒಂದು ಸಲ ತಪ್ಪು ಮಾಡಿದ್ದೇನೆ, ಬರೆದುಕೊಳ್ಳಿ ಎಂದೆ.

ಪೊಟ್ಟಣ ತಂದುಕೊಟ್ಟದ್ದು ನಿಜವೆಂದು ಪ್ರಸನ್ನನೂ ಹೇಳಿಕೆ ಕೊಟ್ಟಿದ್ದಾನೆ. ಶಿವಕಿರಣನನ್ನು ಇಪ್ಪತ್ತೆರಡಕ್ಕೆ ಕರೆದುಕೊಂಡು ಹೋದರು. ಇನ್ನೂ ಜಾಮೀನು ಸಿಕ್ಕಿಲ್ಲ. ಅಂಗಡಿಗೆ ಬೀಗ ಹಾಕಿದೆ. ಅಕ್ಷತಾ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಫೋನು ಮಾಡಿದರೆ ಎತ್ತುವುದಿಲ್ಲ. ಅವಳದೇನೂ ತಪ್ಪಿಲ್ಲ.

ತಗಡೇ ಇಲ್ಲದ ಮೇಲೆ ನನ್ನ ಮಾತು ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ ಎನ್ನುತ್ತಾರೆ ವಕೀಲರು. ಅವನು ಬಿಡುಗಡೆಯಾಗಿ, ನಿಮಗೆ ಶಿಕ್ಷೆಯಾಗುವುದೂ ಸಾಧ್ಯವಂತೆ. ನಾನು ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ಆಗುವುದಿಲ್ಲ. ಸಾಕ್ಷಿ ನಾಶ ಮಾಡಿದ್ದಕ್ಕೆ ನನ್ನ ಹೆಸರೂ ಕೇಸಿನಲ್ಲಿ ಸೇರಿದೆ. ವಯಸ್ಸು ನೋಡಿ ಒಳಗೆ ಹಾಕಿಲ್ಲ.

ಠಾಣೆಯಿಂದ ಹೊರಗೆ ಬರುವಾಗ ಬೀರೇಶ್ ಅಲ್ಲಿಗೆ ಬಂದಿದ್ದ. ನನಗೆ ಗುರುತಿರಲಿಲ್ಲ, ಕಾನ್‌ಸ್ಟೇಬಲ್ ತೋರಿಸಿದರು. ಹತ್ತಿರ ಹೋಗಿ ಕೈ ಮುಗಿದೆ. ಅವನು ನನ್ನ ಕೈಯನ್ನೇ ನೋಡುತ್ತ ನಿಂತಿದ್ದು, ಒಳಗೆ ಹೋದ.

ಮುಂದಿನ ವಿಚಾರಣೆ ಇಪ್ಪತ್ತೇಳನೆಯ ತಾರೀಖು ಮಂಗಳವಾರ, ಹನ್ನೊಂದು ಗಂಟೆಗೆ. ನಿಮಗೂ ನೋಟೀಸು ಬಂದಿರುತ್ತದೆ. ನಾನು ಬೆಳಗಿನ ಬಸ್ಸಿಗೇ ಬಂದು ಕೋರ್ಟಿನ ಮೊಗಸಾಲೆಯಲ್ಲಿ ಕೂತಿರುತ್ತೇನೆ. ನೀವು ನನ್ನ ಪಕ್ಕ ಕೂರಬೇಕಾಗಿಲ್ಲ, ಮಾತಾಡಿಸಬೇಕಾಗಿಯೂ ಇಲ್ಲ. ಅಲ್ಲಿ ಜನ ಬಹಳ, ಗದ್ದಲ ಬಹಳ. ಜವಾನ ಬಾಗಿಲಲ್ಲಿ ನಿಂತು ಒಂದೇ ಸಲ ಹೆಸರು ಕೂಗಿ ಒಳಗೆ ಹೋಗಿಬಿಡುತ್ತಾನಂತೆ. ಮೊದಲು ಕೂಗುವುದು ನಿಮ್ಮ ಹೆಸರು. ಕೂಗಿದ ಕೂಡಲೇ ನಾನು ಎದ್ದು ನಿಂತು ನಿಮಗೆ ಕಾಣುವ ಹಾಗೆ ಕೈ ಎತ್ತುತ್ತೇನೆ.

ಶಿವರುದ್ರಪ್ಪ